ಗಂಜಾಮಿನ ಅಚ್ಚಿನ ಅರ್ಜಿ

ಶ್ರೀರಂಗಪಟ್ಟಣದ ಕೋಟೆಯೊಳಗಿನ ಕಚೇರಿಯಲ್ಲಿ ನಾನು ಕನ್ನಡದ ಗುಮಾಸ್ತನಾಗಿದ್ದೆ. ಲೆಕ್ಕಪತ್ರಗಳೆಲ್ಲ ಆಗ ಪಾರ್ಸಿಯಲ್ಲಿ ನಡೆಯುತ್ತಿದ್ದವು, ಅದಕ್ಕೆ ಮುನ್ಷಿಗಳಿದ್ದರು. ಜನ ತಂದುಕೊಡುವ ಕನ್ನಡದ ಅರ್ಜಿಗಳನ್ನು ಅಮಲ್ದಾರರಿಗೆ ಓದಿ ಹೇಳುವುದು, ಅವರು ಕೊಟ್ಟ ತೀರ್ಮಾನವನ್ನು ಜನಕ್ಕೆ ತಿಳಿಯುವ ಮಾತಿನಲ್ಲಿ ಬರೆದುಕೊಡುವುದು ನನ್ನ ಪಾಲಿನ ಕೆಲಸ. ನಾನು ಕುಂತಿಬೆಟ್ಟದ ಕೆಳಗಿನ ಹಿರೋಡೆಯ ಒಕ್ಕಲುಮನೆಯವನು. ಅಣ್ಣಂದಿರು ನೇಗಿಲು ಹಿಡಿದರು, ನಾನು ಮಠದ ಐಗಳ ಬಳಿ ನಾಲ್ಕಕ್ಷರ ಕಲಿತು ಪಟ್ಟಣ ಸೇರಿದೆ. ಕಚೇರಿಯಲ್ಲಿ ಕಂಡದ್ದನ್ನು ಹೊರಗೆ ಆಡಬಾರದೆಂಬ ಕಟ್ಟುಪಾಡು ಇತ್ತು. ಆ ಕಚೇರಿಯೂ ಈಗಿಲ್ಲ, ಅಲ್ಲಿ ಕೂತಿದ್ದವರೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ದ್ವೀಪದ ಮೂಡಲ ತುದಿಯಲ್ಲಿ ಗಂಜಾಂ ಎಂಬ ಪೇಟೆ. ಅಕ್ಕಸಾಲಿಗಳು, ಬಡಗಿಗಳು, ಕಮ್ಮಾರರು, ನೇಯುವವರು, ಹೀಗೆ ಕೈಕೆಲಸದವರೇ ತುಂಬಿದ್ದ ಜಾಗ. ಬೆಳಿಗ್ಗೆ ಆ ಕಡೆ ಹೋದರೆ ಸುತ್ತಿಗೆ ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಮೊದಲ ಸಲ ಶತ್ರುಗಳ ದಂಡು ದ್ವೀಪಕ್ಕೆ ಇಳಿದಾಗ ಗಂಜಾಂ ಪೂರಾ ಖಾಲಿಯಾಯಿತು. ತೋಟದ ಮರಗಳನ್ನು ಕಡಿದರು, ಮನೆಗಳ ಬಾಗಿಲು, ತೊಲೆ, ಜಂತೆ ಎಲ್ಲವನ್ನೂ ಸೌದೆಗೆ ಎಳೆದುಕೊಂಡು ಹೋದರು. ಸಂಧಾನವಾಗಿ ದಂಡು ಹಿಂದಕ್ಕೆ ಹೋದಮೇಲೆ ನಾನು ಒಂದು ದಿನ ಆ ಬೀದಿಗಳಲ್ಲಿ ನಡೆದೆ. ಮಣ್ಣಿನ ಮೋಟುಗೋಡೆಗಳು ನಿಂತಿದ್ದವು. ನಡುಮನೆಯ ಒರಳುಕಲ್ಲಿನ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಸುತ್ತಿಗೆ ಸದ್ದು ಎಲ್ಲೂ ಇರಲಿಲ್ಲ. ನದಿಯಾಚೆಯ ಕರಿಘಟ್ಟದ ಗುಡಿಯ ಗಂಟೆ ಅಲ್ಲಿಯವರೆಗೂ ಕೇಳುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ.

ಜನ ಒಬ್ಬೊಬ್ಬರಾಗಿ ಹಿಂತಿರುಗಿದರು. ಬಂದವರ ಜೊತೆಗೇ ವ್ಯಾಜ್ಯವೂ ಬಂತು. ಬಾಡಿಗೆಗೆ ಇದ್ದವನು ಮೊದಲು ಬಂದು ಬಿದ್ದ ಗೋಡೆಯನ್ನು ಕಟ್ಟಿಕೊಂಡಿರುತ್ತಿದ್ದ, ಆಮೇಲೆ ಮನೆಯ ಯಜಮಾನ ಬಂದು ಎದ್ದು ಹೋಗು ಎನ್ನುತ್ತಿದ್ದ. ನೆಲ ಒಬ್ಬರದು, ಗೋಡೆ ಒಬ್ಬರದು. ಇಬ್ಬರೂ ಎಲ್ಲವನ್ನೂ ಕಳೆದುಕೊಂಡವರೇ. ಕಚೇರಿಯ ಅಂಗಳದಲ್ಲಿ ನಿಲ್ಲಲು ಜಾಗವಿಲ್ಲದಂತಾಯಿತು.

ಹೊರಗೆ ಹುಣಸೆಮರದ ಕೆಳಗೆ ಅರ್ಜಿ ಬರೆಯುವವರು ಸಾಲಾಗಿ ಕೂರುತ್ತಿದ್ದರು. ಅವರ ಅಕ್ಷರ ಮುತ್ತಿನಂತಿರುತ್ತಿತ್ತು, ಆದರೆ ಅರ್ಜಿಯ ಮುಕ್ಕಾಲು ಪಾಲು ದೊರೆಗಳ ಬಿರುದುಬಾವಲಿಗಳಲ್ಲೇ ಮುಗಿಯುತ್ತಿತ್ತು. ನಾನು ಓದುತ್ತಾ ಹೋದರೆ ಅಮಲ್ದಾರರು ಕಣ್ಣುಮುಚ್ಚಿ ಕೇಳುತ್ತಾ ಕೂರುತ್ತಿದ್ದರು. ಸಿರಾದ ಕಡೆಯ ಸಾಬರು ಅವರು, ವಯಸ್ಸಾದವರು, ಕೋಪ ಕಡಿಮೆ. ಒಂದು ದಿನ ಓದುವುದನ್ನು ಅರ್ಧಕ್ಕೇ ನಿಲ್ಲಿಸಿದರು.

"ಅರೇ ಭಾಯಿ, ಇದ್ರಲ್ಲಿ ಮನೆ ಎಲ್ಲಿದೆ? ಹುಜೂರರ ಕೀರ್ತಿ ನಂಗೊತ್ತು. ಈ ಮನುಷ್ಯಂಗೆ ಏನಾಯ್ತು, ಅದು ಹೇಳು."

ನಾನು ಕಾಗದ ತಿರುವಿ ಹುಡುಕಿದೆ. ಕೊನೆಯ ಎರಡು ಸಾಲಿನಲ್ಲಿ ಒಂದು ಗೋಡೆಯ ಮಾತು ಇತ್ತು, ಅದು ಯಾವ ಬೀದಿಯದೆಂದೇ ಇರಲಿಲ್ಲ. ಅರ್ಜಿ ತಂದವನು ಮಗ್ಗದವನು, ಎದುರಿಗೇ ಕೈಕಟ್ಟಿ ನಿಂತಿದ್ದ. ಅವನನ್ನೇ ಕೇಳಿದರೆ ಬಾಯಿ ಬಿಡಲಿಲ್ಲ. ಏನು ಹೇಳಿದರೆ ಏನು ಕೆಡುತ್ತದೋ ಎಂಬ ಹೆದರಿಕೆ ಅವನಿಗೆ. ಬರೆಸಲು ಕೈಯಲ್ಲಿ ಏನೂ ಇಲ್ಲದವರು ಇನ್ನೂ ಎಷ್ಟೋ ಜನ ಬಾಗಿಲವರೆಗೆ ಬಂದು ಹಾಗೇ ಹಿಂದಕ್ಕೆ ಹೋಗುತ್ತಿದ್ದರು.

ಅಮಲ್ದಾರರು ನನ್ನನ್ನು ಕರೆದು ಕೂರಿಸಿಕೊಂಡರು. "ನಿಮ್ಮೂರ ಕಡೆ ಆಲೆಮನೇಲಿ ಬೆಲ್ಲ ಹುಯ್ಯೋಕೆ ಮರದ ಅಚ್ಚು ಇಟ್ಟಿರ್ತಾರಲ್ಲ, ಅಂಥದ್ದೊಂದು ಅರ್ಜಿಗೆ ಮಾಡು. ಯಾರು ಬಂದ್ರೂ ಅದ್ರಲ್ಲೇ ಹುಯ್ಯಬೇಕು. ಬಾಡಿಗೆಯವನೂ ಅದೇ, ಯಜಮಾನನೂ ಅದೇ. ಓದಿದ್ರೆ ನಂಗೆ ಮನೆ ಕಣ್ಮುಂದೆ ನಿಲ್ಲಬೇಕು."

ನಾನು ಬಹಳ ತಿದ್ದಿ ತೀಡಿ ಒಂದು ಮಾದರಿ ಮಾಡಿದೆ. ನಾನು ಇಂಥವರ ಮಗ, ಇಲ್ಲವೆ ಇಂಥವರ ಹೆಂಡತಿ, ಇಂಥ ಕಸುಬಿನವರು. ಇಂಥ ಬೀದಿಯಲ್ಲಿ ಇಂಥವರ ಪಕ್ಕದ ಮನೆ. ಮನೆಯನ್ನು ಕೊಟ್ಟವರು ಇವರು, ಪಡೆದವರು ಇವರು. ಕೊಟ್ಟಾಗ ಆಡಿಕೊಂಡ ಮಾತು ಇದು. ಆಮೇಲೆ ನಡೆದದ್ದು ಇದು. ಕಂಡವರು ಇವರು. ನಾನು ಕೇಳುವುದು ಇದು. ಅಷ್ಟೇ. ಪ್ರತಿ ಮಾತಿನ ಮುಂದೆ ಬರೆಯಲು ಜಾಗ ಬಿಟ್ಟು, ಕಚೇರಿಯಲ್ಲಿ ಕನ್ನಡ ಬಲ್ಲವರೆಲ್ಲ ಕೂತು ಪ್ರತಿ ಮಾಡಿದೆವು. ಗಂಜಾಮಿನಲ್ಲಿ ತಮಟೆ ಹೊಡೆಸಿ ಸಾರಿಸಿದರು: ಮನೆ ವ್ಯಾಜ್ಯದವರು ಯಾರಿಗೂ ಏನೂ ಕೊಡಬೇಕಾಗಿಲ್ಲ, ಕಚೇರಿಯಲ್ಲೇ ಕಾಗದ ಸಿಗುತ್ತದೆ, ಬರೆಯಲು ಬಂದವರು ತಾವೇ ತುಂಬಬಹುದು, ಬಾರದವರು ಗುಮಾಸ್ತನ ಮುಂದೆ ಅದೇ ಸಾಲಿನಲ್ಲಿ ಹೇಳಬಹುದು. ಜನ ಅದಕ್ಕೆ ಅಚ್ಚಿನ ಅರ್ಜಿ ಎಂದೇ ಹೆಸರಿಟ್ಟರು. ಹುಣಸೆಮರದ ಕೆಳಗಿನವರು ಕೆಲವು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ.

ಆ ಕಾಗದ ಶುರುವಾದ ಹೊಸದರಲ್ಲಿ ಬಂದವಳು ಕಮ್ಮಾರರ ಹೆಂಗಸು. ಮೂವತ್ತರ ಆಸುಪಾಸಿನವಳು. ತೋಳಿನ ಮೇಲೆ ಕಿಡಿ ಹಾರಿ ಸುಟ್ಟ ಚುಕ್ಕೆಗಳಿದ್ದವು, ಕೈತುಂಬ ಬಳೆ, ಹಣೆಯಲ್ಲಿ ಕುಂಕುಮ. ನನ್ನ ಮಣೆಯ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತಳು.

"ಅದೇನೋ ಅಚ್ಚಂತಲ್ಲ ಬುದ್ಧಿ, ಅದ್ರಲ್ಲಿ ನಂದೂ ಬರ್ಕಳಿ," ಎಂದಳು.

ನಾನು ಒಂದೊಂದೇ ಸಾಲು ಓದಿ ಕೇಳಿದೆ. ಅವಳ ತವರು ನಾಗಮಂಗಲ. ಯುದ್ಧಕ್ಕೆ ಮುಂಚೆ ಗಂಡನ ಜೊತೆ ಗಂಜಾಮಿಗೆ ಬಂದು ಒಬ್ಬ ಅಕ್ಕಸಾಲಿಯ ಮನೆಯ ಹಿಂಭಾಗ ಬಾಡಿಗೆಗೆ ಹಿಡಿದು ಕುಲುಮೆ ಹಾಕಿದ್ದರು. ದಂಡು ಬಂದಾಗ ಅಕ್ಕಸಾಲಿಯ ಮನೆಯವರು ಅತ್ತಿಗುಪ್ಪೆಯ ನೆಂಟರ ಮನೆಗೆ ಓಡಿದರು, ಇವರು ಕೋಟೆಯೊಳಗೆ ಸೇರಿಕೊಂಡರು. ದಂಡು ಹೋದಮೇಲೆ ಇವಳು ಬಂದು ನೋಡಿದರೆ ಮನೆಯ ತಲೆಯೇ ಇರಲಿಲ್ಲ. ತಾನೇ ಮಣ್ಣು ತುಳಿದು ಗೋಡೆ ಎತ್ತಿದಳು. ನಾಗಮಂಗಲವನ್ನೂ ದಂಡು ಸುಟ್ಟಿತ್ತು. ಅಲ್ಲಿ ಕಡಿದು ಕೆಡವಿದ್ದ ತೆಂಗಿನಮರಗಳನ್ನು ಸೀಳಿಸಿ ಅವಳಣ್ಣ ಗಾಡಿಯಲ್ಲಿ ಹೇರಿಕೊಂಡು ಬಂದು ಜಂತೆ ಹಾಕಿಕೊಟ್ಟಿದ್ದ. ಈಗ ಅಕ್ಕಸಾಲಿ ಹಿಂತಿರುಗಿ ಬಂದು ಬಿಟ್ಟು ಹೋಗು ಎನ್ನುತ್ತಿದ್ದ.

ಇಷ್ಟನ್ನು ಅವಳು ತಡವರಿಸದೆ ಹೇಳಿದಳು. ಮೊದಲ ಸಾಲನ್ನು ಮಾತ್ರ ತುಂಬಿರಲಿಲ್ಲ.

"ಇಂಥವರ ಹೆಂಡತಿ ಅಂತ ಬರೀಲಾ? ಗಂಡ ಎಲ್ಲಿ?" ಎಂದೆ.

ಅವಳು ಕೈಯ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು. "ಕ್ವಾಟೆ ಒಳಗಿದ್ದಾಗ ಕುಲ್ಮೆಗೆ ಗಾಳಿ ಊದೋ ತಿದಿ ತತ್ತೀನಿ ಅಂತ ಗಂಜಾಂಗೆ ಓದ್ರು. ತಿದಿ ಓದ್ರೆ ಕುಲ್ಮೆ ಓದಂಗೆ ಅಂದ್ರು. ಬ್ಯಾಡ ಅಂದೆ, ಕೇಳ್ನಿಲ್ಲ. ತಿರ್ಗ ಬರ್ನಿಲ್ಲ."

"ಸತ್ತರು ಅಂತ ಯಾರಾದ್ರೂ..."

"ಸತ್ರು ಅಂತ ಬರೀಬ್ಯಾಡಿ ಬುದ್ಧಿ. ನಾನು ಕಂಡಿಲ್ಲ. ಕಂಡೋರೂ ಯಾರೂ ಇಲ್ಲ. ಎಂಡ್ತಿ ಅಂತ್ಲೇ ಬರ್ಕಳಿ."

ಹೆಂಡತಿ ಎಂದಷ್ಟೇ ಬರೆದೆ. ಕಾಗದ ಮಡಿಸುವಾಗ ಅವಳು ಮೆಲ್ಲಗೆ ಹೇಳಿದಳು, "ಅವ್ರು ಬಂದ್ರೆ ಎಲ್ಲಿಗೆ ಬತ್ತಾರೆ? ಆ ಮನೆಗೇ ತಾನೆ. ಅಲ್ಲಿ ಬ್ಯಾರೆ ಜನ ಇದ್ರೆ ಎಂಗೆ?" ನಾನು ಕಾಗದ ನೋಡಿದೆ. ಎಲ್ಲ ಸಾಲೂ ತುಂಬಿತ್ತು. ಈ ಮಾತು ಸೇರುವಂಥ ಸಾಲು ನಾನು ಮಾಡಿದ ಅಚ್ಚಿನಲ್ಲಿ ಇರಲಿಲ್ಲ.

ಅಕ್ಕಸಾಲಿಯೂ ಬಂದು ತನ್ನ ಕಾಗದವನ್ನು ತಾನೇ ತುಂಬಿಕೊಟ್ಟ. ಬಾಗಿದ ಬೆನ್ನಿನ ಮುದುಕ, ಅಕ್ಷರ ಬಲ್ಲವನು. ಅವನು ಬರೆದದ್ದರಲ್ಲಿ ಅನ್ಯಾಯದ ಮಾತೇನೂ ಇರಲಿಲ್ಲ. ನೆಲ ತಾತನ ಕಾಲದಿಂದ ತನ್ನದು. ಬಾಡಿಗೆಗೆ ಕೊಟ್ಟದ್ದು ಹಿಂಭಾಗ ಮಾತ್ರ. ಗೋಡೆಗೆ ಮಾಡಿದ ಖರ್ಚನ್ನು ನಾಲ್ವರು ಹೇಳಿದಂತೆ ಕೊಡಲು ಸಿದ್ಧ, ಅದೇ ಬೀದಿಯ ಕೊನೆಯಲ್ಲಿ ತನ್ನದೇ ಒಂದು ಖಾಲಿ ಜಾಗವಿದೆ, ಅಲ್ಲಿ ಕುಲುಮೆ ಹಾಕಿಕೊಳ್ಳಲಿ. ತನಗೆ ಮನೆ ಬೇಕು. ಇಷ್ಟನ್ನು ಅಚ್ಚುಕಟ್ಟಾಗಿ ಬರೆದಿದ್ದ. ಕಾಗದ ಕೊಡುವಾಗ ಅವನ ಹಿಂದೆ ಒಬ್ಬಳು ಹರೆಯದ ಹೆಂಗಸು ಸೆರಗು ಹೊದ್ದು ನಿಂತಿದ್ದಳು. ಮಗಳೇ ಎಂದು ಕೇಳಿದೆ. ಸೊಸೆ ಎಂದ. ಅವಳನ್ನು ಕರೆದುಕೊಂಡು ಹೊರಟ.

ವಿಚಾರಣೆಯ ದಿನ ಇಬ್ಬರೂ ಬಂದು ಅಮಲ್ದಾರರ ಮುಂದೆ ನಿಂತರು. ಅವರ ಪರವಾಗಿ ಮಾತಾಡಲು ಯಾರೂ ಇರಲಿಲ್ಲ. ನಾನು ಎರಡೂ ಅರ್ಜಿಗಳನ್ನು ಓದಿದೆ. ಅಮಲ್ದಾರರು ಕಣ್ಣು ಮುಚ್ಚಲಿಲ್ಲ. ಬೀದಿ, ಮನೆ, ಗೋಡೆ ಎಲ್ಲ ಅವರಿಗೆ ಕಂಡಿತೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಓದಿ ಮುಗಿಸುತ್ತಲೂ ಅವರು ಕಮ್ಮಾರ ಹೆಂಗಸಿನ ಕಡೆ ತಿರುಗಿದರು.

"ತಾಯಿ, ಇವ್ರು ಗೋಡೆ ಖರ್ಚು ಕೊಡ್ತಾರೆ, ಜಾಗಾನೂ ಕೊಡ್ತಾರೆ. ಕಾನೂನು ಇದಕ್ಕಿಂತ ಜಾಸ್ತಿ ಏನು ಕೊಡುತ್ತೆ? ಒಪ್ಕೋ."

ಅವಳು ತಲೆ ಅಲ್ಲಾಡಿಸಿದಳು. "ಆಗಾಕಿಲ್ಲ ಬುದ್ಧಿ."

ಮುದುಕನಿಗೆ ರೇಗಿತು. "ನೋಡಿ ಸ್ವಾಮಿ, ಇದು ಎಂಗಸಿನ ಮಾತಲ್ಲ. ಅವಳ ಗಂಡ ಇಂದೆ ನಿಂತು ಏಳ್ಕೊಟ್ಟು ಕಳ್ಸವ್ನೆ. ನಾನು ಬಂದಾಗ್ನಿಂದ ಒಂದಿನ ನನ್ ಮುಂದೆ ಬಂದು ನಿಂತಿಲ್ಲ. ಗಂಡ್ಸು ಅವ್ನು, ಬಂದು ಮಾತಾಡ್ಲಿ. ಎಲ್ಲವ್ನೆ ಅವ್ನು?"

ಆಗಲೇ ನನಗೆ ಅರ್ಥವಾದದ್ದು. ಇಂಥವರ ಹೆಂಡತಿ ಎಂದು ನಾನು ಗಟ್ಟಿಯಾಗಿ ಓದಿದ್ದೆ. ಅವಳ ಬಳೆ, ಕುಂಕುಮ ಕಣ್ಣೆದುರಿಗೇ ಇತ್ತು. ಗಂಡ ಎಲ್ಲೋ ಕೂತು ಹೆಂಡತಿಯನ್ನು ಮುಂದೆ ಬಿಟ್ಟಿದ್ದಾನೆಂದು ಮುದುಕ ಇಷ್ಟು ದಿನವೂ ನಂಬಿದ್ದ. ನಿಜ ಗೊತ್ತಿದ್ದ ಹಳೆಯ ನೆರೆಯವರು ಇನ್ನೂ ಬೀದಿಗೆ ಹಿಂತಿರುಗಿರಲಿಲ್ಲ. ಇವಳೋ, ಕೇಳದವನಿಗೆ ತಾನಾಗಿ ಹೇಳುವ ಪೈಕಿಯವಳಲ್ಲ.

ಕಚೇರಿಯಲ್ಲಿ ಎಲ್ಲರೂ ಅವಳನ್ನೇ ನೋಡಿದರು. ಅವಳು ಮುದುಕನ ಕಡೆ ತಿರುಗಿ, ನನ್ನ ಮುಂದೆ ಹೇಳಿದ್ದಷ್ಟನ್ನೇ ಹೇಳಿದಳು. ತಿದಿ ತರಲು ಹೋದದ್ದು, ತಿರುಗಿ ಬಾರದ್ದು. "ನಾನು ಆ ಗ್ವಾಡೆ ಎತ್ತಿದ್ದು ನಿಮ್ ನೆಲ ಕಿತ್ಕಬೇಕು ಅಂತಲ್ಲ ಆಚಾರ್ರೇ. ಅವ್ರು ಬಂದ್ರೆ ಬಾಗ್ಲು ಎಲ್ಲಿತ್ತೋ ಅಲ್ಲೇ ಇರ್ಲಿ ಅಂತ."

ಮುದುಕ ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟ. ಕಚೇರಿಯಲ್ಲಿ ಹಾಗೆ ಕೂರುವಂತಿರಲಿಲ್ಲ. ಎಬ್ಬಿಸಲು ಮುಂದೆ ಬಂದ ಜವಾನನನ್ನು ಅಮಲ್ದಾರರು ಕೈಸನ್ನೆಯಿಂದಲೇ ತಡೆದರು.

"ನನ್ ಮಗ ಅತ್ತಿಗುಪ್ಪೇಲಿ ಜರ ಬಂದು ಓದ ಕಣವ್ವ," ಎಂದ ಮುದುಕ. ಅಮಲ್ದಾರರಿಗಲ್ಲ, ಅವಳಿಗೆ. "ಇವ್ಳು ಅವ್ನ ಎಂಡ್ತಿ. ಸಾಯೋವಾಗ ಗಂಜಾಂ ಮನೆಗೆ ಕರ್ಕೊಂಡೋಗು ಅಂತ ಒಂದೇ ಸಮ ಅಂತಿದ್ದ. ಕರ್ಕೊಂಡು ಬರಾಕ್ ಆಗ್ನಿಲ್ಲ. ಇವ್ಳನ್ನಾದ್ರೂ ಅಲ್ಲಿ ಇಡಾನ ಅಂತ ಬಂದೆ."

ಮುನ್ಷಿ ಬರೆಯುವುದನ್ನು ನಿಲ್ಲಿಸಿದ್ದ. ಸೊಸೆ ಗೋಡೆಗೆ ಒರಗಿ ಅಳುತ್ತಿದ್ದಳು, ಸದ್ದಿಲ್ಲದೆ. ಕಮ್ಮಾರ ಹೆಂಗಸು ಹೋಗಿ ಅವಳ ಪಕ್ಕ ನಿಂತಳು, ಮುಟ್ಟಲಿಲ್ಲ, ಸುಮ್ಮನೆ ನಿಂತಳು.

ಅಮಲ್ದಾರರು ಇಬ್ಬರನ್ನೂ ಕೇಳಿದರು, "ಈಗ ಹೇಳಿ, ನಾನೇನು ಬರೆಯಲಿ?"

ಮುದುಕನೇ ಹೇಳಿದ. "ಅವ್ಳು ಅಲ್ಲೇ ಇರ್ಲಿ ಸ್ವಾಮಿ. ನಮ್ಗೆ ಬೀದಿ ಕಡೆ ಎರಡಂಕಣ ಆದ್ರೆ ಸಾಕು."

"ಇಡೀ ಮುಂಬಾಗ ನೀವೇ ಇಟ್ಕಳಿ," ಎಂದಳು ಅವಳು. "ಸೂರು ಗಟ್ಟಿಯಾಗದೆ. ಬಾಗ್ಲು ಮಾತ್ರ ಬದ್ಲಾಯಿಸ್ಬ್ಯಾಡಿ."

ತೀರ್ಮಾನವನ್ನು ನಾನೇ ಬರೆದೆ. ನೆಲ ಅಕ್ಕಸಾಲಿಯದು, ಗೋಡೆ ಸೂರು ಕಮ್ಮಾರ ಹೆಂಗಸಿನದು. ಒಬ್ಬರನ್ನು ಕೇಳದೆ ಇನ್ನೊಬ್ಬರು ಮಾರುವಂತಿಲ್ಲ. ಬಾಡಿಗೆಯ ಮಾತು ಇನ್ನಿಲ್ಲ. ಇಬ್ಬರೂ ಹೋದಮೇಲೆ ಅಮಲ್ದಾರರು ಅಚ್ಚಿನ ಕಾಗದವೊಂದನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದರು. ಪಾರ್ಸಿ ಬಿಟ್ಟರೆ ಅವರಿಗೆ ಬೇರೆ ಅಕ್ಷರ ಬಾರದು, ಆದರೂ ನೋಡಿದರು.

"ಇದ್ರಲ್ಲಿ ಕೆಳಗೆ ಜಾಗ ಇದೆಯಾ?"

"ಇದೆ ಸ್ವಾಮಿ."

"ಇನ್ನೇನಾದ್ರೂ ಹೇಳೋದಿದ್ರೆ ಅಂತ ಒಂದು ಸಾಲು ಹಾಕು. ಅದನ್ನ ನಾನು ತೀರ್ಮಾನಕ್ಕೆ ಮುಂಚೆ ಕೇಳ್ತೀನಿ, ಆಮೇಲಲ್ಲ."

ಆ ಸಾಲನ್ನು ಹಾಕಿದೆ. ಆಮೇಲಿನ ವರ್ಷಗಳಲ್ಲಿ ಆ ಕಾಗದ ಹಿರೋಡೆ, ಅತ್ತಿಗುಪ್ಪೆ, ನಾಗಮಂಗಲದ ಕಚೇರಿಗಳಿಗೂ ಹೋಯಿತು. ಅಲ್ಲಿ ಮನೆಗಿಂತ ಹೊಲಗದ್ದೆಯ ವ್ಯಾಜ್ಯ ಹೆಚ್ಚು, ಬಾಡಿಗೆ ಎಂದಿದ್ದ ಕಡೆ ಗುತ್ತಿಗೆ, ಬೆಳೆಪಾಲಿನ ವಾರ ಎಂದು ತಿದ್ದಿಕೊಂಡರು. ತೋರಿಸಿಕೊಡಲೆಂದು ನನ್ನನ್ನೇ ಕಳಿಸುತ್ತಿದ್ದರು. ಕೊನೆಯ ಸಾಲನ್ನು ಬಹಳ ಜನ ಖಾಲಿ ಬಿಡುತ್ತಿದ್ದರು. ಬೈಗುಳ ಬರೆಸಲು ನೋಡಿದವರೂ ಇದ್ದರು. ಅತ್ತಿಗುಪ್ಪೆಯಲ್ಲಿ ಒಬ್ಬ ಒಕ್ಕಲಿನವನು ಎಲ್ಲ ಸಾಲನ್ನೂ ಧೈರ್ಯವಾಗಿ ಹೇಳಿ, ಕೊನೆಯದಕ್ಕೆ ಬಂದಾಗ ಸುತ್ತ ನೋಡಿ, "ಇಲ್ಲಿಂದ ಊರಿಗೋಗಕ್ ಬಯ ಆಯ್ತದೆ, ಅಷ್ಟ್ ಬರೀರಿ," ಎಂದ. ಅವತ್ತು ಅವನ ಜೊತೆ ಇಬ್ಬರು ಕಂದಾಚಾರದ ಪೇದೆಗಳನ್ನು ಊರವರೆಗೆ ಕಳಿಸಿದರು.

ಗಂಜಾಮಿಗೆ ಹೋದಾಗಲೆಲ್ಲ ನಾನು ಆ ಮನೆಯ ಮುಂದೆ ಹಾದುಹೋಗುತ್ತಿದ್ದೆ. ಮುಂದಿನ ಅಂಕಣದಲ್ಲಿ ಮುದುಕ ಊದುಗೊಳವೆ ಹಿಡಿದು ಕೂತಿರುತ್ತಿದ್ದ, ಹಿಂದೆ ಕುಲುಮೆಯ ಸದ್ದು. ಸೊಸೆ ತಿದಿ ಒತ್ತುವುದನ್ನೂ ಒಮ್ಮೆ ಕಂಡೆ. ಅಕ್ಕಸಾಲಿ ಮನೆಯ ಹೆಣ್ಣು ಕಮ್ಮಾರರ ಕುಲುಮೆಯಲ್ಲಿ ಕೂರುವುದು ಬೀದಿಯವರಿಗೆ ಸರಿ ಕಾಣಲಿಲ್ಲ, ಆಡಿಕೊಂಡರು. ಮುದುಕ ತಲೆ ಕೆಡಿಸಿಕೊಳ್ಳಲಿಲ್ಲ. ಸಂಜೆ ಮೂವರೂ ಒಂದೇ ಒಲೆಯ ಊಟ ಮಾಡುತ್ತಿದ್ದರು. ಬಾಗಿಲು ಇದ್ದಲ್ಲೇ ಇತ್ತು.

ಎರಡನೆಯ ಸಲ ದಂಡು ಬರುತ್ತದೆಂಬ ಸುದ್ದಿ ಖಚಿತವಾದಾಗ ಬೇಸಿಗೆ ಶುರುವಾಗಿತ್ತು, ಹೊಳೆಯಲ್ಲಿ ನೀರು ಇಳಿದಿತ್ತು. ನಾನು ಹೆಂಡತಿ ಮಕ್ಕಳನ್ನು ಹಿರೋಡೆಗೆ ಕಳಿಸಿ ಬರುವಾಗ ಗಂಜಾಮಿನ ಬೀದಿಯಲ್ಲಿ ಗಾಡಿಗಳ ಸಾಲು ನಿಂತಿತ್ತು. ಅವರ ಮನೆಯ ಮುಂದೆಯೂ ಒಂದು ಗಾಡಿ. ನಾಗಮಂಗಲದಿಂದ ಅವಳಣ್ಣ ಬಂದಿದ್ದ. ಮುದುಕ ಜಗಲಿಯ ಕಂಬವನ್ನು ಹಿಡಿದು ಕೂತಿದ್ದ.

"ನಾನ್ ಬರಾಕಿಲ್ಲ. ಒಂದ್ಸಲ ಬುಟ್ಟೋಗಿ ಮಗನ್ನ ಕಳ್ಕೊಂಡೆ. ನೀವ್ ವೋಗಿ, ನಾನಿಲ್ಲೇ ಇರ್ತೀನಿ."

"ನೀವಿಲ್ದೆ ನಾನೂ ವೋಗಾಕಿಲ್ಲ," ಎಂದು ಸೊಸೆ ಹಟ ಹಿಡಿದಿದ್ದಳು.

ಕಮ್ಮಾರ ಹೆಂಗಸು ಒಳಗಿನಿಂದ ಗಂಟು ಮೂಟೆ ತಂದು ಗಾಡಿಗೆ ಹಾಕುತ್ತಿದ್ದಳು. ನನ್ನನ್ನು ಕಂಡು ನಿಂತಳು. ನಾನು ಕೇಳಬಾರದಿತ್ತೇನೋ, ಆದರೂ ಕೇಳಿದೆ. "ನೀನೂ ಹೊರಟೆಯಾ? ಅವ್ರು ಬಂದ್ರೆ?"

ಅವಳು ಬಾಗಿಲಿನ ಕಡೆ ನೋಡಿದಳು. "ನಾನು ಇಲ್ಲಿದ್ರೆ ಈ ಮುದ್ಕಪ್ಪ ಏಳಾಕಿಲ್ಲ. ಅವ್ರು ಏಳ್ದೆ ಇದ್ರೆ ಆ ಸೊಸೆ ಏಳಾಕಿಲ್ಲ. ಇಲ್ದೋರಿಗೆ ಬಾಗ್ಲು ಕಾಯ್ತಾ, ಇರೋರ್ನ ಸಾಯಾಕ್ ಬುಡಾದಾ ಬುದ್ಧಿ?"

ಇಲ್ಲದವರು ಎಂಬ ಮಾತು ಅವಳ ಬಾಯಲ್ಲಿ ಅದೇ ಮೊದಲು ಕೇಳಿದ್ದು. ಅದು ಅವಳಿಗೂ ಕೇಳಿಸಿತೇನೋ, ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟಳು. ಆಮೇಲೆ ಮುದುಕನ ಹತ್ತಿರ ಹೋಗಿ ಕಂಬದಿಂದ ಅವನ ಕೈಯನ್ನು ಬಿಡಿಸಿದಳು. "ಏಳಪ್ಪಾ. ನಾನೇ ವೊಂಟ್ಮ್ಯಾಲೆ ನಿಮ್ದೇನು?" ಮುದುಕ ಅವಳ ಮುಖವನ್ನೇ ನೋಡಿದ, ಆಮೇಲೆ ಎದ್ದ. ಅಣ್ಣ ಅವನನ್ನು ಮಗುವಿನಂತೆ ಎತ್ತಿ ಗಾಡಿಯಲ್ಲಿ ಕೂರಿಸಿದ. ಗಾಡಿ ಹೊಳೆ ದಾಟುವವರೆಗೂ ನಾನು ದಡದಲ್ಲಿ ನಿಂತಿದ್ದೆ. ಅವಳು ಗಾಡಿ ಹತ್ತಲಿಲ್ಲ, ಹಿಂದೆ ನಡೆದೇ ಹೋದಳು.

ಆ ಬೇಸಿಗೆಯಲ್ಲಿ ಕೋಟೆ ಬಿತ್ತು. ಅದನ್ನು ಕುರಿತು ಬರೆಯಲು ನನ್ನಿಂದಾಗದು. ನಮ್ಮ ಅಮಲ್ದಾರರು ಕೋಟೆಗೋಡೆಯ ಬತೇರಿಯ ಬಳಿ ಹೋದವರು ಹಿಂತಿರುಗಲಿಲ್ಲ. ಮುನ್ಷಿಯೂ ನಾನೂ ಸೇರಿ ಹುಡುಕಿದೆವು, ಹೆಣಗಳ ನಡುವೆ ಸಿಕ್ಕಿದರು. ಅವರ ಜನದವರಿಗೆ ಒಪ್ಪಿಸಿದೆವು. ಮಳೆಗಾಲ ಹಿಡಿದಮೇಲೆ, ದಾರಿಗಳು ಒಂದಿಷ್ಟು ಶಾಂತವಾದಾಗ, ನಾನು ನಾಗಮಂಗಲಕ್ಕೆ ಹೋದೆ.

ಅವಳಣ್ಣನ ಕುಲುಮೆ ಊರ ಹೊರಗೆ, ಕೆರೆಯ ದಾರಿಯಲ್ಲಿತ್ತು. ರಾಗಿ ಬಿತ್ತನೆಯ ಕಾಲ. ನೇಗಿಲ ಕುಳ ಬಡಿಸಲು ಬಂದ ರೈತರು ಸರದಿಯಲ್ಲಿ ಕೂತಿದ್ದರು. ಅವಳು ಚಮ್ಮಟಿಗೆ ಹಿಡಿದಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ನಾನು ಅದನ್ನು ನೋಡಿದ್ದನ್ನು ಅವಳೂ ನೋಡಿದಳು.

"ಆಚಾರ್ರು ಇಲ್ಲಿಗೆ ಬಂದ್ಮ್ಯಾಲೆ ಬಾಳ ದಿನ ಬದುಕ್ನಿಲ್ಲ," ಎಂದಳು. "ನೆಮ್ಮದ್ಯಾಗೇ ಓದ್ರು. ಅವ್ರಿಗೆ ಮಗ ಇರ್ನಿಲ್ವಲ್ಲ, ನಮ್ಮಣ್ಣನೇ ಮಾಡ್ದ ಎಲ್ಲಾನೂವೆ. ಎಳ್ಳು ನೀರು ಬುಡೋವಾಗ ಬಟ್ರು ಇನ್ಯಾರ್ದಾದ್ರೂ ಎಸ್ರು ಏಳಾದೈತಾ ಅಂದ್ರು. ಅವ್ರ ಮಗಂದು ಏಳ್ದೆ." ಚಮ್ಮಟಿಗೆಯನ್ನು ನೆಲಕ್ಕೆ ಊರಿದಳು. "ಆಮ್ಯಾಕೆ ನಮ್ಮೋರ್ದೂ ಏಳ್ದೆ."

ನಾನು ಗಂಜಾಮಿನ ಮನೆಯ ಸುದ್ದಿ ಹೇಳಿದೆ. ಸೂರು ಹೋಗಿತ್ತು, ಹಿಂದಿನ ಗೋಡೆ ಮಾತ್ರ ನಿಂತಿತ್ತು. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು. ಒಳಗಿನಿಂದ ಸೊಸೆ ನನಗೆ ನೀರು ತಂದಿಟ್ಟು, ಹೋಗಿ ತಿದಿಯ ಹತ್ತಿರ ಕೂತಳು. ಸರದಿಯಲ್ಲಿದ್ದ ರೈತನೊಬ್ಬ ಹೊತ್ತಾಯಿತೆಂದು ಗೊಣಗಿದ. ಕಾದ ಕುಳವನ್ನು ಅಣ್ಣ ಇಕ್ಕುಳದಲ್ಲಿ ಎತ್ತಿ ಅಡಿಗಲ್ಲಿನ ಮೇಲೆ ಇಟ್ಟ, ಅವಳು ಚಮ್ಮಟಿಗೆ ಎತ್ತಿದಳು.